ಮೊದಲು ರೈಲೋ, ನೀರೋ? ಒಂದು ಗೇಮ್, ಮೂವರು ದಿವಾನರು ಮತ್ತು ದಂಡಿನಶಿವರ

(ಇತಿಹಾಸ ಪಾಡ್‌ಕಾಸ್ಟ್‌ನ ಈ ವಾರದ ಕಂತಿನ ಬರಹ ರೂಪ)

ಇವತ್ತಿನ ಮಾತು ಒಂದು ಕಂಪ್ಯೂಟರ್ ಗೇಮಿನಿಂದ ಶುರುವಾಗುತ್ತೆ. ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಹೋಗಿ, ಕೊನೆಗೆ ನಮ್ಮ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಕಡೆಗೆ ಬರೋಣ. ಗೇಮ್ ಆಡದೇ ಇರೋರು ಗಾಬರಿ ಆಗಬೇಡಿ, ನಿಯಮ ಬಹಳ ಸುಲಭ.

ಗೇಮಿನ ಹೆಸರು ಸಿವಿಲೈಸೇಷನ್. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಸೇರಿ ಮಾಡಿದ ಮೊದಲ ಆವೃತ್ತಿ 1991ರಲ್ಲಿ ಬಂತು. ಚೌಕಾಬಾರದ ಹಾಗೆ ಸರದಿ ಪ್ರಕಾರ ಆಡೋ ಆಟ. ಒಂದು ಊರು ಕಟ್ಟಿ ಶುರು ಮಾಡ್ತೀರಿ, ಸಾಮ್ರಾಜ್ಯದವರೆಗೂ ಬೆಳೀತೀರಿ. ಮೊದಲನೇ ಸರದಿಯಲ್ಲೇ ಒಂದು ಪಟ್ಟಿ ಎದುರಿಗೆ ಬರುತ್ತೆ: ನಿಮ್ಮ ಜನ ಮೊದಲು ಏನನ್ನು ಕಲಿಯಬೇಕು? 2016ರಲ್ಲಿ ಬಂದ ಆರನೇ ಆವೃತ್ತಿಯಲ್ಲಿ ಕುಂಬಾರಿಕೆ, ಪಶುಪಾಲನೆ, ಗಣಿಗಾರಿಕೆ ಆರಂಭದಲ್ಲೇ ಸಿಗೋ ವಿದ್ಯೆಗಳು. ಒಮ್ಮೆಗೆ ಒಂದೇ. ಒಂದನ್ನು ಆರಿಸಿದರೆ ಉಳಿದವು ಕಾಯಬೇಕು.

ಹೊಸಬರು ಸಾಮಾನ್ಯವಾಗಿ ಆಕರ್ಷಕವಾಗಿ ಕಾಣೋದನ್ನೇ ಒತ್ತುತ್ತಾರೆ. ಪಳಗಿದವರು ಮೊದಲು ಊರಿನ ಸುತ್ತಲ ನೆಲ ನೋಡ್ತಾರೆ. ಬೆಟ್ಟದಲ್ಲಿ ಅದಿರಿದ್ದರೆ ಗಣಿಗಾರಿಕೆ, ದನಕುರಿ ಇದ್ದರೆ ಪಶುಪಾಲನೆ. ಇನ್ನು ತೋಟ ಮಾಡಬೇಕಾ? ಅದಕ್ಕೆ ನೀರಾವರಿ ಗೊತ್ತಿರಬೇಕು. ನೀರಾವರಿ ಕಲಿಯೋಕೆ ಮೊದಲು ಕುಂಬಾರಿಕೆ ಕಲಿತಿರಬೇಕು. ಹೊಲದಲ್ಲಿ ಈಗಾಗಲೇ ಬೆಳೆ ತೆಗೆದಿದ್ದರೆ ನೀರಾವರಿ ಬೇಗ ಬರುತ್ತೆ. ನೆಲವೇ ಅರ್ಧ ಪಾಠ ಹೇಳಿಕೊಡುತ್ತೆ ಅನ್ನೋದು ಗೇಮಿನ ಲೆಕ್ಕ.

ನನಗೆ ಇದು ಹೊಸ ಲೆಕ್ಕ ಅಲ್ಲ. ತೆಂಗಿನ ಸೀಮೆಯವರಿಗೆ ಯಾರಿಗೂ ಹೊಸದಲ್ಲ. ಸಸಿ ಇಟ್ಟರೆ ಫಸಲಿಗೆ ಏಳೆಂಟು ವರ್ಷ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗೋಕೆ ಮತ್ತೆ ಹತ್ತು ಹನ್ನೊಂದು ತಿಂಗಳು. ಇವತ್ತು ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಕಾಯಲಿ ಅನ್ನೋ ಪ್ರಶ್ನೆ ನಮ್ಮಲ್ಲಿ ಪ್ರತಿ ಮನೆಯದು.

ಇದೇ ಪ್ರಶ್ನೆ ಒಂದು ಸಂಸ್ಥಾನದ ಎದುರಿಗೆ ಬಂದದ್ದು 1881ರಲ್ಲಿ. ಐವತ್ತು ವರ್ಷ ಬ್ರಿಟಿಷರ ಆಡಳಿತದಲ್ಲಿದ್ದ ಮೈಸೂರು ಆ ವರ್ಷ ಮಾರ್ಚ್ 25ರಂದು ಹತ್ತನೇ ಚಾಮರಾಜ ಒಡೆಯರ ಕೈಗೆ ಮರಳಿ ಬಂತು. ಎಂಥ ಸ್ಥಿತಿಯಲ್ಲಿ ಬಂತು ನೋಡಿ. 1876ರಿಂದ 78ರವರೆಗೆ ಭೀಕರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು. ಬರದ ಸಾಲ ಸುಮಾರು 80 ಲಕ್ಷ ರೂಪಾಯಿ, ವರ್ಷದ ಆದಾಯ ಸುಮಾರು 1 ಕೋಟಿ. ಅದರಲ್ಲೇ ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ಕಪ್ಪ. ಅದನ್ನು 35 ಲಕ್ಷಕ್ಕೆ ಏರಿಸೋ ಷರತ್ತೂ ಇತ್ತು, ಬರದ ಕಾರಣಕ್ಕೆ ಮುಂದಕ್ಕೆ ಹಾಕಿದ್ದರು, ಅಷ್ಟೇ. ಖಜಾನೆ ಖಾಲಿ, ಪಟ್ಟಿ ಉದ್ದ.

ದಿವಾನ್ ರಂಗಾಚಾರ್ಲು ಆರಿಸಿದ್ದು ರೈಲು. ಯಾಕೆ? ಬರದ ಕಾಲದಲ್ಲಿ ಮದ್ರಾಸ್ ಕಡೆಯಿಂದ ಬೆಂಗಳೂರಿನವರೆಗೆ ರೈಲು ಇತ್ತು, ಧಾನ್ಯ ಅಲ್ಲಿವರೆಗೆ ಬಂತು. ಒಳನಾಡಿಗೆ ಸಾಗಿಸೋಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುವಾಗ ಗಾಡಿ ಎಳೆಯೋರು ಯಾರು? ಹಾಗಾಗಿ ರಂಗಾಚಾರ್ಲು ಅವರ ಆಯ್ಕೆಗೆ ಬಲವಾದ ಕಾರಣ ಇತ್ತು. ಆದರೆ ಅದೊಂದೇ ದಾರಿ ಅಂತ ಎಲ್ಲರೂ ಒಪ್ಪಿರಲಿಲ್ಲ. ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್, ಭಾರತಕ್ಕೆ ಬೇಕಾದ್ದು ರೈಲಿಗಿಂತ ಮೊದಲು ಕಾಲುವೆ ಅಂತ ಆ ಕಾಲದಲ್ಲೇ ವಾದಿಸುತ್ತಿದ್ದರು.

ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಹಳಿ ಮಾತ್ರ ಮುಂದುವರಿಯಿತು. ಬೆಂಗಳೂರಿಂದ ತುಮಕೂರು, ಗುಬ್ಬಿ, ಆಮೇಲೆ ದಂಡಿನಶಿವರದ ಹತ್ತಿರದ ಅಮ್ಮಸಂದ್ರ, ಬಾಣಸಂದ್ರ, ತಿಪಟೂರು, ಅರಸೀಕೆರೆ ದಾಟಿ 1889ರಲ್ಲಿ ಹರಿಹರ ಮುಟ್ಟಿತು. ಇದರ ಪರಿಣಾಮ ನಮ್ಮ ಸೀಮೆಯಲ್ಲಿ ಇವತ್ತಿಗೂ ಕಣ್ಣಿಗೆ ಕಾಣುತ್ತೆ. ಅದಕ್ಕೂ ಮೊದಲು ಆ ಭಾಗದ ತಾಲ್ಲೂಕು ಕೇಂದ್ರ ತಿಪಟೂರಲ್ಲ, ಹೊನ್ನವಳ್ಳಿ. ರೈಲು ತಿಪಟೂರಿಗೆ ಬಂತು, ಕಚೇರಿಯೂ ತಿಪಟೂರಿಗೆ ಬಂತು, ಸಂತೆ, ಮಂಡಿ, ಕೊಬ್ಬರಿ ವ್ಯಾಪಾರ ಎಲ್ಲ ಅಲ್ಲೇ ಬೆಳೀತು. ಹೊನ್ನವಳ್ಳಿ ಹೋಬಳಿಯಾಗಿ ಉಳೀತು. ಹೊನ್ನವಳ್ಳಿಯವರು ಏನೂ ತಪ್ಪು ಮಾಡಿರಲಿಲ್ಲ, ಹಳಿ ಅವರೂರಿನ ಮೇಲೆ ಹಾದುಹೋಗಲಿಲ್ಲ, ಅಷ್ಟೇ.

ಎರಡನೇ ದೊಡ್ಡ ಆಯ್ಕೆ ದಿವಾನ್ ಶೇಷಾದ್ರಿ ಅಯ್ಯರ್ ಅವರದು: ವಿದ್ಯುತ್. ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. 1902ರ ಜೂನ್ 30ರಂದು ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಅಷ್ಟು ದೂರ ವಿದ್ಯುತ್ ಸಾಗಿಸೋದು ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಸಾಹಸ. ಗಣಿಯಿಂದ ಸಂಸ್ಥಾನಕ್ಕೆ ಆದಾಯವೂ ಖಚಿತ.

ನೀರಾವರಿ ಯಾಕೆ ಹಿಂದೆ ಬಿತ್ತು? ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟಿದರು, 1907ರಲ್ಲಿ ಮುಗೀತು. ಅಂದ್ರೆ ಪೂರ್ತಿ ಮರೆತಿರಲಿಲ್ಲ. ಆದರೆ ಇಲ್ಲಿ ಇನ್ನೊಬ್ಬ ಆಟಗಾರ ಇದ್ದ. ಮದ್ರಾಸ್ ಜೊತೆ 1892ರಲ್ಲಿ ಆದ ಒಪ್ಪಂದದ ಪ್ರಕಾರ ಕಾವೇರಿ, ಹೇಮಾವತಿಯಂಥ ಹೊಳೆಗಳಿಗೆ ಹೊಸ ನೀರಾವರಿ ಅಣೆಕಟ್ಟು ಕಟ್ಟಬೇಕಾದರೆ ಮೈಸೂರು ಮೊದಲು ಮದ್ರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಪಟ್ಟಿಯಲ್ಲಿ ನೀರಾವರಿ ಇತ್ತು, ಬೀಗ ಪಕ್ಕದವರ ಕೈಯಲ್ಲಿತ್ತು. ಕರೆಂಟಿಗೆ ಬಳಸಿದ ನೀರು ಹಾಗಲ್ಲ, ಚಕ್ರ ತಿರುಗಿಸಿ ಮತ್ತೆ ಹೊಳೆಗೇ ಬೀಳುತ್ತೆ.

ಮೂರನೇ ಘಟ್ಟ 1911. ಸರ್ ಎಂ. ವಿಶ್ವೇಶ್ವರಯ್ಯನವರು ಇನ್ನೂ ಮುಖ್ಯ ಇಂಜಿನಿಯರ್, ದಿವಾನರಾದದ್ದು ಮರುವರ್ಷ. ಅವರ ಒತ್ತಾಸೆಯಿಂದ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಶುರುವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಅಂತ ಮೂರು ಸಮಿತಿ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಅನ್ನೋದನ್ನು ಕೂತು ಚರ್ಚೆ ಮಾಡೋಕೆ ಒಂದು ಜಾಗ ಸಿಕ್ಕಿತು. 1913ರಲ್ಲಿ ಮೈಸೂರು ಬ್ಯಾಂಕ್ ಬಂತು, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, 1916ರಲ್ಲಿ ವಿಶ್ವವಿದ್ಯಾನಿಲಯ.

ಕೃಷಿ ಸಂಶೋಧನೆಯಲ್ಲೂ ಇದೇ ಸರದಿ. 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕೈ ಹಾಕಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸೋ ಪದ್ಧತಿ ಬೇರೂರಿದ್ದು ಅವರಿಂದ. ಒಳ್ಳೆ ಕೆಲಸ, ಇವತ್ತಿಗೂ ನಡೀತಿದೆ. ರಾಗಿ ಮೇಲೂ ಹೆಬ್ಬಾಳದಲ್ಲಿ ಕೆಲಸ ಆಯಿತು. ಆದರೆ ಭಾರತದ ರಾಗಿ, ಆಫ್ರಿಕಾದ ರಾಗಿ ಎರಡನ್ನೂ ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ತಳಿ ತಂದು ಇಳುವರಿ ಜಿಗಿಸೋ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ಒಣಸೀಮೆಯ ಮುದ್ದೆ ಅಷ್ಟು ಕಾಲ ಕಾಯಿತು.

ಈಗ ನಾನು ಹೇಳಬೇಕಾದ ಮಾತು. ಗೇಮಿನಲ್ಲಿ ತಡವಾದ ವಿದ್ಯೆಗೆ ಯಾರೂ ಅಳೋದಿಲ್ಲ, ಇಪ್ಪತ್ತು ಸರದಿ ಆದಮೇಲೆ ಕಲಿತರಾಯಿತು. ಇತಿಹಾಸದಲ್ಲಿ ಆ ಇಪ್ಪತ್ತು ಸರದಿಯೊಳಗೆ ಎರಡು ಮೂರು ತಲೆಮಾರು ಬದುಕಿರುತ್ತೆ. ದಂಡಿನಶಿವರದ ಪಕ್ಕ ರೈಲು ಹಾದದ್ದು 1880ರ ದಶಕದಲ್ಲಿ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ, ಅದರ ಕಾಲುವೆ ನೀರು ಈ ಕಡೆಗೆ ಬಂದದ್ದು ಅದಕ್ಕೂ ಆಮೇಲೆ. ಕೊಬ್ಬರಿ ಸಾಗಿಸೋ ದಾರಿಗೂ, ತೆಂಗಿನ ಬುಡಕ್ಕೆ ಬರೋ ಕಾಲುವೆ ನೀರಿಗೂ ನಡುವೆ ತೊಂಬತ್ತು ವರ್ಷಕ್ಕೂ ಹೆಚ್ಚಿನ ಅಂತರ.

ಹಾಗಂತ ರಂಗಾಚಾರ್ಲು ತಪ್ಪು ಮಾಡಿದರು ಅಂತ ನಾನು ಹೇಳಲ್ಲ. ಬರ ಕಂಡ ನಾಡಿಗೆ ಧಾನ್ಯ ತರೋ ದಾರಿ ಮೊದಲು ಬೇಕಿತ್ತು. ನನ್ನ ತಕರಾರು ಬೇರೆ: ಕಾಯಬೇಕಾದವರನ್ನು ಯಾರು ಕೇಳಿದರು? 1881ರ ದಸರಾದಲ್ಲಿ ಅವರೇ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ದರು ನಿಜ, ದೇಶೀ ಸಂಸ್ಥಾನಗಳಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ಸಭೆಗೆ ಬಂದವರು ಭೂಮಿವಂತರು, ವ್ಯಾಪಾರಸ್ಥರು. ಅವರೂ ಅಹವಾಲು ಹೇಳಬಹುದಿತ್ತೇ ಹೊರತು ಬಜೆಟ್ ತಡೆಯೋ ಹಾಗಿರಲಿಲ್ಲ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ವಿಚಾರವಾಗಿ ಗುಬ್ಬಿ, ತುರುವೇಕೆರೆ ಕಡೆ ನಡೆದ ಹೋರಾಟ ನಿಮಗೆ ಗೊತ್ತೇ ಇದೆ. ಅಲ್ಲೂ ಪ್ರಶ್ನೆ ಅದೇ: ನೀರು ಮೊದಲು ಯಾವ ಕಡೆಗೆ? ಕುಣಿಗಲ್ ಕಡೆಯವರೂ ಕಾದಿದ್ದಾರೆ, ತುರುವೇಕೆರೆಯವರೂ ಕಾದಿದ್ದಾರೆ. ಯಾವುದೇ ಸರ್ಕಾರ ಹೊಸ ಯೋಜನೆಯ ಪಟ್ಟಿ ಓದಿದಾಗ ಏನು ಸಿಗುತ್ತೆ ಅಂತ ನಾವು ಕೇಳ್ತೀವಿ. ಅದರ ಜೊತೆಗೆ ಇನ್ನೊಂದನ್ನೂ ಕೇಳಿ: ಇದರಿಂದ ಯಾವ ಊರು ಕಾಯಬೇಕಾಗುತ್ತೆ, ಎಷ್ಟು ವರ್ಷ, ಆ ಊರಿನವರಿಗೆ ಅದನ್ನು ಮೊದಲೇ ಹೇಳಿದ್ದಾರಾ?

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಮೊದಲು ಬಂದದ್ದು ರೈಲೋ, ಕರೆಂಟೋ, ಸ್ಕೂಲೋ? ಮನೆಯ ಹಿರಿಯರನ್ನು ಕೇಳಿ ನಮಗೆ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.