ಮೆದುಳು ಜ್ವರದ ಲಸಿಕೆ ಮತ್ತು ದೇಹದ ನೆನಪು

ತುಮಕೂರು ನಗರ, ಗುಬ್ಬಿ, ಕುಣಿಗಲ್ ಸೇರಿದಂತೆ ತುಮಕೂರು ಜಿಲ್ಲೆಯಲ್ಲಿ 1ರಿಂದ 15 ವರ್ಷದೊಳಗಿನ ಮಕ್ಕಳಿಗೆ ಮೆದುಳು ಜ್ವರದ ಲಸಿಕೆ ನೀಡುವ ಅಭಿಯಾನ 2022ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಜಪಾನೀಸ್ ಎನ್‌ಸೆಫಲೈಟಿಸ್ ಎಂದು ವೈದ್ಯರು ಕರೆಯುವ ಈ ರೋಗದ ಲಸಿಕೆ ಆಗ ರಾಜ್ಯದ ಹತ್ತು ಜಿಲ್ಲೆಗಳಿಗೆ ಹೊಸದಾಗಿ ವಿಸ್ತರಣೆಯಾಗಿತ್ತು. ಬಳ್ಳಾರಿಯಂಥ ಜಿಲ್ಲೆಗಳಿಗೆ ಅದು 2006ರಷ್ಟು ಹಿಂದೆಯೇ ತಲುಪಿತ್ತು. ಊರಿನಲ್ಲಿ ಹೆಸರೇ ಕೇಳದ ರೋಗಕ್ಕೆ ಮಕ್ಕಳಿಗೇಕೆ ಸೂಜಿ ಎಂದು ಹೆತ್ತವರು ಕೇಳುವುದು ಸಹಜ.

ಈ ವೈರಾಣುವಿನ ನಿಜವಾದ ನೆಲೆ ಮನುಷ್ಯನಲ್ಲ; ಬೆಳ್ಳಕ್ಕಿಯಂಥ ನೀರುಹಕ್ಕಿಗಳು ಮತ್ತು ಹಂದಿಗಳು. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅವುಗಳಿಂದ ವೈರಾಣುವನ್ನು ಹೊತ್ತು ತರುತ್ತದೆ. ಕುಣಿಗಲ್ಲಿನ ದೊಡ್ಡಕೆರೆ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದ ಅಚ್ಚುಕಟ್ಟು, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಇವುಗಳ ಆಸುಪಾಸು ನೀರು, ಹಕ್ಕಿ, ಸೊಳ್ಳೆ ಮೂರೂ ಇವೆ. ಮನುಷ್ಯನ ರಕ್ತದಲ್ಲಿ ವೈರಾಣು ಅಲ್ಪ ಪ್ರಮಾಣದಲ್ಲಿ, ಅಲ್ಪಕಾಲ ಮಾತ್ರ ಇರುವುದರಿಂದ ರೋಗಿಯಿಂದ ಮತ್ತೊಬ್ಬರಿಗೆ ಸೋಂಕು ಹರಡುವುದಿಲ್ಲ. ಆದರೆ ಇದೇ ಕಾರಣಕ್ಕೆ, ದಡಾರದ ವಿಷಯದಲ್ಲಿ ದೊರೆಯುವಂತೆ ಸುತ್ತಲಿನವರು ಪಡೆದ ಲಸಿಕೆಯ ರಕ್ಷಣೆ ಲಸಿಕೆ ಪಡೆಯದ ಮಗುವಿಗೆ ಇಲ್ಲಿ ದೊರೆಯದು. ತರಗತಿಯ ಉಳಿದ ಮಕ್ಕಳೆಲ್ಲ ಲಸಿಕೆ ಪಡೆದಿದ್ದರೂ, ಪಡೆಯದ ಒಂದು ಮಗುವಿಗೆ ಅಪಾಯ ಮೊದಲಿನಷ್ಟೇ.

ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗ ತೀವ್ರವಾಗುತ್ತದೆ. ಆದರೆ ಮೆದುಳಿಗೆ ಉರಿಯೂತ ತಗುಲಿದವರಲ್ಲಿ ಶೇ. 30ರವರೆಗೆ ಸಾವು ಸಂಭವಿಸಬಹುದು. ಬದುಕುಳಿದವರಲ್ಲಿ ಶೇ. 30ರಿಂದ 50ರಷ್ಟು ಮಂದಿಗೆ ಪಾರ್ಶ್ವವಾಯು, ಮೂರ್ಛೆ, ಕಲಿಕೆಯ ತೊಡಕುಗಳಂಥ ಶಾಶ್ವತ ನ್ಯೂನತೆಗಳು ಉಳಿಯುತ್ತವೆ. ಈ ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ.

ಸೊಳ್ಳೆ ಕಚ್ಚಿದ ಬಳಿಕ ವೈರಾಣು ಮೊದಲು ಚರ್ಮ ಮತ್ತು ಸಮೀಪದ ದುಗ್ಧಗ್ರಂಥಿಗಳಲ್ಲಿ ವೃದ್ಧಿಯಾಗಿ, ಅನಂತರ ರಕ್ತಕ್ಕೆ, ಕೆಲವರಲ್ಲಿ ಅಲ್ಲಿಂದ ಮೆದುಳಿಗೆ ಸಾಗುತ್ತದೆ. ಲಕ್ಷಣ ಕಾಣಲು 4ರಿಂದ 14 ದಿನ ಬೇಕು. ಹಿಂದೆಂದೂ ಈ ವೈರಾಣುವನ್ನು ಕಾಣದ ದೇಹಕ್ಕೆ ತಕ್ಕ ಪ್ರತಿಕಾಯಗಳನ್ನು ರೂಪಿಸಲು ಹಲವು ದಿನಗಳೇ ಹಿಡಿಯುತ್ತವೆ. ಅಷ್ಟರಲ್ಲಿ ವೈರಾಣು ಮೆದುಳು ಸೇರಿರಬಹುದು. ಲಸಿಕೆ ಪಡೆದ ಮಗುವಿನ ರಕ್ತದಲ್ಲಿ ಪ್ರತಿಕಾಯಗಳು ಆಗಲೇ ಇರುತ್ತವೆ. ಕಾಲಕ್ರಮೇಣ ಅವು ಕಡಿಮೆಯಾದರೂ ನೆನಪಿನ ಕೋಶಗಳು ಉಳಿದಿದ್ದು, ವೈರಾಣು ಕಂಡೊಡನೆ ಕೆಲವೇ ದಿನಗಳಲ್ಲಿ ಪ್ರತಿಕಾಯಗಳನ್ನು ಹೇರಳವಾಗಿ ಉತ್ಪಾದಿಸುತ್ತವೆ. ಲಸಿಕೆ ಸೊಳ್ಳೆ ಕಡಿತವನ್ನು ತಡೆಯುವುದಿಲ್ಲ, ಸೋಂಕನ್ನೂ ಪೂರ್ತಿ ತಡೆಯಬೇಕೆಂದಿಲ್ಲ. ವೈರಾಣು ರಕ್ತದಲ್ಲಿರುವಾಗಲೇ ಅದನ್ನು ಹಿಡಿಯುವಂತೆ ದೇಹವನ್ನು ಅಣಿಗೊಳಿಸುತ್ತದೆ. ಅನಂತರ ಸಹಜವಾಗಿ ತಗುಲುವ ಸೋಂಕು ಆ ನೆನಪನ್ನು ಇನ್ನಷ್ಟು ಗಟ್ಟಿಗೊಳಿಸುವುದೂ ಉಂಟು.

ಭಾರತದಲ್ಲಿ ಬಳಕೆಯಲ್ಲಿರುವ ಜೆನ್‌ವ್ಯಾಕ್ ಲಸಿಕೆಯ ಮೂಲ ತುಮಕೂರಿಗೆ ದೂರವೇನಲ್ಲ. ಕೋಲಾರದ ರೋಗಿಯೊಬ್ಬರಿಂದ 1981ರಲ್ಲಿ ಬೇರ್ಪಡಿಸಿದ ವೈರಾಣುವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕಾಪಿಟ್ಟಿತ್ತು. ಅದನ್ನು ನಿಷ್ಕ್ರಿಯಗೊಳಿಸಿ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಈ ಲಸಿಕೆ 2013ರಲ್ಲಿ ಬಿಡುಗಡೆಯಾಯಿತು. ಅದಕ್ಕೆ ಮುನ್ನ ದೇಶದ ಅಭಿಯಾನಗಳು ಚೀನಾದಲ್ಲಿ ರೂಪುಗೊಂಡ, ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆಯನ್ನು ನೆಚ್ಚಿಕೊಂಡಿದ್ದವು.

ತುಮಕೂರು ನಗರದ ಓದುಗರಿಗೆ ಹೆಚ್ಚು ಪರಿಚಿತವಾದದ್ದು ಡೆಂಗಿ. ಡೆಂಗಿ, ಮೆದುಳು ಜ್ವರ, ಮಲೆನಾಡಿನ ಮಂಗನ ಕಾಯಿಲೆ ಮೂರರ ವೈರಾಣುಗಳೂ ಒಂದೇ ಕುಟುಂಬಕ್ಕೆ ಸೇರಿದವು. ಆದ್ದರಿಂದ ಒಂದರ ವಿರುದ್ಧದ ಪ್ರತಿಕಾಯ ಮತ್ತೊಂದಕ್ಕೆ ಅರೆಬರೆಯಾಗಿ ಅಂಟಿಕೊಳ್ಳಬಲ್ಲದು. ಥಾಯ್ಲೆಂಡಿನ ಶಾಲಾಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೆದುಳು ಜ್ವರದ ಪ್ರತಿಕಾಯವಿದ್ದ ಮಕ್ಕಳಲ್ಲಿ ಡೆಂಗಿ ಸೋಂಕು ಲಕ್ಷಣಗಳೊಂದಿಗೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚೆಂದು ಗುರುತಿಸಿತು. ಇದನ್ನು ಓದಿ ಲಸಿಕೆಯನ್ನೇ ಬಿಡುವುದು ಅವಿವೇಕ. ಮೆದುಳು ಜ್ವರದ ಹಾನಿಯೊಡನೆ ಅದನ್ನು ತೂಗಿ ನೋಡಬೇಕು. 2017ರಲ್ಲಿ ವಿವಾದಕ್ಕೀಡಾದ ಡೆಂಗಿ ಲಸಿಕೆ ಡೆಂಗ್‌ವ್ಯಾಕ್ಸಿಯಾದ ಕಥೆ ಬೇರೆಯೇ. ಹಿಂದೆ ಡೆಂಗಿ ಬಾರದವರಿಗೆ ಅದನ್ನು ನೀಡಿದರೆ ಮುಂದೆ ಬರುವ ಡೆಂಗಿ ಉಲ್ಬಣಿಸಬಹುದೆಂದು ತಯಾರಕ ಸಂಸ್ಥೆಯೇ ಎಚ್ಚರಿಸಿತ್ತು.

ಈ ಹೋಲಿಕೆ ರೋಗಪತ್ತೆಯಲ್ಲೂ ತೊಡಕು ತರುತ್ತದೆ. ಇತ್ತೀಚೆಗೆ ಲಸಿಕೆ ಪಡೆದ ಮಗುವಿಗೆ ಜ್ವರ ಬಂದರೆ ರಕ್ತದ ಪ್ರತಿಕಾಯ ಪರೀಕ್ಷೆ ದಾರಿ ತಪ್ಪಿಸಬಹುದು. ಅದಕ್ಕೆಂದೇ ಮೆದುಳು ಜ್ವರದ ಶಂಕೆಯಿದ್ದಾಗ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸುವುದು ಹೆಚ್ಚು ನಂಬಲರ್ಹ. ಡೆಂಗಿಯ ಮೊದಲ ದಿನಗಳಲ್ಲಿ ವೈರಾಣುವಿನ ಅಂಶವನ್ನೇ ಹುಡುಕುವ ಎನ್‌ಎಸ್1 ಪರೀಕ್ಷೆ ನೆರವಾಗುತ್ತದೆ. ಲಸಿಕೆ ಪಡೆದ ದಿನಾಂಕವನ್ನು ವೈದ್ಯರಿಗೆ ತಿಳಿಸುವುದು ಒಳಿತು.

ಅಭಿಯಾನ ನಡೆದ ಜಿಲ್ಲೆಗಳಲ್ಲಿ ಅನಂತರ ಹುಟ್ಟಿದ ಮಕ್ಕಳಿಗೆ ವಾಡಿಕೆಯ ಲಸಿಕಾ ಕಾರ್ಯಕ್ರಮದಲ್ಲಿ ಎರಡು ಡೋಸ್‌ಗಳಿವೆ: ಒಂದು 9 ತಿಂಗಳು ತುಂಬಿದ ಬಳಿಕ, ಇನ್ನೊಂದು 16ರಿಂದ 24 ತಿಂಗಳ ನಡುವೆ, ಎರಡೂ ದಡಾರ–ರುಬೆಲ್ಲಾ ಲಸಿಕೆ ನೀಡುವ ವಯಸ್ಸಿನಲ್ಲೇ.