ವೇಷವೂ ವಾರ್ತೆಯೂ: ಗ್ಲ್ಯಾಮ್ ರಾಕ್ ಗಾಯಕರು ಮತ್ತು ಅವರ ಕಾಲದ ಪತ್ರಿಕೆಗಳು

ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಬೇಕಾದುದು ಪ್ರಮಾಣ. ಕಣ್ಣಾರೆ ಕಂಡುದು ಪ್ರತ್ಯಕ್ಷ. ಕುರುಹುಗಳಿಂದ ಊಹಿಸಿದುದು ಅನುಮಾನ. ನಂಬತಕ್ಕವನು ಹೇಳಿದುದು ಶಬ್ದ. ಕಳೆದುಹೋದ ಕಾಲದ ವಿಷಯದಲ್ಲಿ ನಮಗೆ ದೊರೆಯುವುದು ಹೆಚ್ಚಾಗಿ ಮೂರನೆಯದೇ. ವಸ್ತುವನ್ನು ಇದ್ದಂತೆ ತಿಳಿದು, ತಿಳಿದಂತೆ ಹೇಳಬೇಕೆಂಬ ಇಚ್ಛೆಯುಳ್ಳವನೇ ಆಪ್ತನೆಂದು ನಮ್ಮ ನೈಯಾಯಿಕರ ಮತ. ಆದರೆ ಸಾಕ್ಷಿಯು ತಾನೇ ಆ ವ್ಯವಹಾರದಲ್ಲಿ ಪಾಲುಗಾರನಾಗಿದ್ದರೆ ಆತನನ್ನು ಆಪ್ತನೆನ್ನಬಹುದೆ? ಈ ಪ್ರಶ್ನೆಗೆ ನಿದರ್ಶನವಾಗಿ, ವಾಚಕರಲ್ಲಿ ಹಲವರಿಗೆ ಅಪರಿಚಿತವಾಗಿರಬಹುದಾದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು 1971ರಿಂದ 1974ರ ವರೆಗೆ ಇಂಗ್ಲೆಂಡಿನಲ್ಲಿ ಮೆರೆದ ಗ್ಲ್ಯಾಮ್ ರಾಕ್ ಎಂಬ ಸಂಗೀತ ಮತ್ತು ಅದನ್ನು ಲೋಕಕ್ಕೆ ಸಾರಿದ ವಾರಪತ್ರಿಕೆಗಳ ಕಥೆ.

1960ರ ದಶಕದ ಕೊನೆಯಲ್ಲಿ ಅಲ್ಲಿನ ರಾಕ್ ಸಂಗೀತಗಾರರಲ್ಲಿ ಬಹುಮಂದಿ ಒರಟು ಬಟ್ಟೆಯ ಉಡುಪಿನಲ್ಲಿ ನಿಂತು, ಒಂದೊಂದು ಕೃತಿಯನ್ನೂ ಬಹಳ ಹೊತ್ತು ವಿಸ್ತರಿಸುತ್ತಿದ್ದರು. ವೇಷಭೂಷಣವೆಂದರೆ ಅವರಿಗೆ ತಾತ್ಸಾರ. ಇದಕ್ಕೆ ವಿರುದ್ಧವಾಗಿ ಬಂದವರೇ ಗ್ಲ್ಯಾಮ್ ರಾಕ್ ಗಾಯಕರು. ಮಿರುಗುವ ಉಡುಪು, ಎತ್ತರದ ಅಟ್ಟೆಯ ಪಾದರಕ್ಷೆ, ಕಣ್ಣಿಗೆ ಕಾಡಿಗೆ, ಕೆನ್ನೆಗೆ ಮಿನುಗುಪುಡಿ, ಗಂಡೋ ಹೆಣ್ಣೋ ಎಂದು ಸಂದೇಹಬರುವಂತಹ ರೂಪ. ಹಾಡುಗಳಾದರೋ ಚಿಕ್ಕವು, ತಾಳವು ಬಲವಾದುದು. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ಎಣಿಸಿದನಷ್ಟೆ. ಅವುಗಳಲ್ಲಿ ಆಹಾರ್ಯಕ್ಕೆ ಇವರು ಅಗ್ರಸ್ಥಾನವನ್ನು ಕೊಟ್ಟರೆಂದು ಹೇಳಬಹುದು.

ಇನ್ನು ಪತ್ರಿಕೆಗಳ ವಿಚಾರ. ಮೆಲೊಡಿ ಮೇಕರ್ 1926ರಲ್ಲಿ ಹುಟ್ಟಿದುದು. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ 1952ರಲ್ಲಿ ಆರಂಭವಾಗಿ, ಅದೇ ವರ್ಷದ ನವೆಂಬರ್ 14ರಂದು ಬ್ರಿಟನ್ನಿನಲ್ಲಿ ಹಾಡುಗಳ ಮಾರಾಟದ ಮೊದಲ ಶ್ರೇಣಿಪಟ್ಟಿಯನ್ನು ಅಚ್ಚುಮಾಡಿತು. ಸೌಂಡ್ಸ್ ಎಂಬುದು 1970ರಲ್ಲಿ ಇವುಗಳನ್ನು ಕೂಡಿಕೊಂಡಿತು. ಅಗ್ಗದ ಕಾಗದದ ಮೇಲೆ, ಮಸಿ ಬೆರಳಿಗಂಟುವಂತೆ ಮುದ್ರಿತವಾಗುತ್ತಿದ್ದ ಈ ಪತ್ರಿಕೆಗಳನ್ನು ತರುಣರು ವಾರವಾರವೂ ಕಾದು ಕೊಳ್ಳುತ್ತಿದ್ದರು. 1972ರಲ್ಲಿ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ಸು ಮುಚ್ಚಿಹೋಗುವ ಸ್ಥಿತಿಗೆ ಬಂದಾಗ, ಅದರ ಸಂಪಾದಕರು ಪ್ರತಿಭಟನೆಯ ಕಿರುಪತ್ರಿಕೆಗಳಿಂದ ನಿಕ್ ಕೆಂಟ್, ಚಾರ್ಲ್ಸ್ ಶಾರ್ ಮರ್ರೇ ಮೊದಲಾದ ಎಳೆಯ ಲೇಖಕರನ್ನು ಕರೆತಂದರು. ಪತ್ರಿಕೆಯು ಉಳಿಯಿತು, ಉಳಿದುದಷ್ಟೇ ಅಲ್ಲ, ಬೆಳೆಯಿತು. ಗಾಯಕರಿಗೆ ಪತ್ರಿಕೆಯು ಎಷ್ಟು ಬೇಕಾಗಿದ್ದಿತೋ ಪತ್ರಿಕೆಗೆ ಗಾಯಕರೂ ಅಷ್ಟೇ ಬೇಕಾಗಿದ್ದರು.

ಮೊದಲನೆಯ ನಿದರ್ಶನ ಮಾರ್ಕ್ ಬೋಲನ್. ಈತನು 1967ರಲ್ಲಿ ಟೈರನೊಸಾರಸ್ ರೆಕ್ಸ್ ಎಂಬ ಇಬ್ಬರ ಮೇಳವನ್ನು ಕಟ್ಟಿ, ನೆಲದ ಮೇಲೆ ಕುಳಿತು ಮೆಲ್ಲನೆ ಹಾಡಿದವನು. 1970ರಲ್ಲಿ ಮೇಳದ ಹೆಸರನ್ನು ಟಿ. ರೆಕ್ಸ್ ಎಂದು ಮೊಟಕುಗೊಳಿಸಿ ವಿದ್ಯುತ್ ಗಿಟಾರನ್ನು ಹಿಡಿದನು. 1971ರ ಆರಂಭದಲ್ಲಿ ಬಿ.ಬಿ.ಸಿ.ಯ ಟಾಪ್ ಆಫ್ ದ ಪಾಪ್ಸ್ ಕಾರ್ಯಕ್ರಮದಲ್ಲಿ ಕಣ್ಣುಗಳ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ‘ಹಾಟ್ ಲವ್’ ಎಂಬ ಹಾಡನ್ನು ಹಾಡಿದನು. ಅದು ಆರು ವಾರ ಪಟ್ಟಿಯ ತುದಿಯಲ್ಲಿದ್ದಿತು. ಗ್ಲ್ಯಾಮ್ ರಾಕ್ ಇಲ್ಲಿಂದಲೇ ಮೊದಲಾಯಿತೆಂದು ಹಲವರ ಎಣಿಕೆ. ಎರಡು ವರ್ಷಗಳಲ್ಲಿ ಇವನ ನಾಲ್ಕು ಹಾಡುಗಳು ಪ್ರಥಮಸ್ಥಾನವನ್ನು ಪಡೆದವು. ಪತ್ರಿಕೆಗಳು ಈ ಸಂಭ್ರಮಕ್ಕೆ ಹೊಸ ಹೆಸರನ್ನೇ ಟಂಕಿಸಿದವು. ಆದರೆ ಹಳೆಯ ಅಭಿಮಾನಿಗಳು ಈತನು ಹಣಕ್ಕೆ ಮಾರಿಕೊಂಡನೆಂದು ದೂರಿದರು. ವಿಮರ್ಶಕರ ಹೊಗಳಿಕೆಯೂ ಬಹುಬೇಗ ಹಳಿಕೆಯಾಯಿತು. 1973ರ ನಡುವಿನ ಬಳಿಕ ಅವನ ಯಾವ ಹೊಸ ಹಾಡೂ ಮೊದಲ ಹತ್ತರೊಳಗೆ ಬರಲಿಲ್ಲ.

ಎರಡನೆಯದು ರಾಕ್ಸಿ ಮ್ಯೂಸಿಕ್ ಮೇಳ. ಇದನ್ನು ಕಟ್ಟಿದ ಬ್ರಯನ್ ಫೆರಿಯವರು ನ್ಯೂಕಾಸಲ್ಲಿನಲ್ಲಿ ರಿಚರ್ಡ್ ಹ್ಯಾಮಿಲ್ಟನ್ ಎಂಬ ಪ್ರಸಿದ್ಧ ಚಿತ್ರಕಾರನ ಬಳಿ ಕಲಿತವರು. ತಮ್ಮ ಮೇಳಕ್ಕೆ ಗಿಟಾರ್ ಮತ್ತು ಡ್ರಮ್ ವಾದಕರನ್ನು ಅರಸಿ ಅವರು ಪ್ರಕಟಣೆ ಕೊಟ್ಟುದು ಮೆಲೊಡಿ ಮೇಕರಿನಲ್ಲಿಯೇ. 1971ರ ಆಗಸ್ಟಿನಲ್ಲಿ, ಮೇಳಕ್ಕೆ ಇನ್ನೂ ಧ್ವನಿಮುದ್ರಣದ ಒಪ್ಪಂದವೇ ಆಗಿರದಿದ್ದಾಗ, ಆ ಪತ್ರಿಕೆಯ ರಿಚರ್ಡ್ ವಿಲಿಯಮ್ಸ್ ಎಂಬವರು ಫೆರಿಯವರು ತಂದುಕೊಟ್ಟ ಧ್ವನಿಸುರುಳಿಯನ್ನು ಕೇಳಿ, ಮೆಚ್ಚಿ ಬರೆದರು. 1972ರ ಜೂನಿನಲ್ಲಿ ಇವರ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಇಲ್ಲಿ ಪತ್ರಿಕೆಯು ಕೀರ್ತಿಯನ್ನು ಹಿಂಬಾಲಿಸಲಿಲ್ಲ. ಕಿವಿಯನ್ನು ನಂಬಿ ಕೀರ್ತಿಗಿಂತ ಮುಂದೆ ನಡೆಯಿತು.

ಮೂರನೆಯ ನಿದರ್ಶನವೇ ಎಲ್ಲಕ್ಕಿಂತ ತೊಡಕಿನದು. 1972ರ ಜನವರಿ 22ರ ಮೆಲೊಡಿ ಮೇಕರಿನಲ್ಲಿ ಮೈಕಲ್ ವಾಟ್ಸ್ ಎಂಬವರು ಡೇವಿಡ್ ಬೋವಿಯ ಸಂದರ್ಶನವನ್ನು ಪ್ರಕಟಿಸಿದರು. ಅದರಲ್ಲಿ ಬೋವಿಯು ತಾನು ಸಲಿಂಗಾನುರಾಗಿಯೆಂದು ಹೇಳಿಕೊಂಡನು. ಆತನಿಗೆ ಮದುವೆಯಾಗಿ ಮಗುವೂ ಇದ್ದಿತು. ಇಂಗ್ಲೆಂಡಿನಲ್ಲಿ ಪ್ರಾಯಕ್ಕೆ ಬಂದ ಪುರುಷರ ಅಂತಹ ಸಂಬಂಧವು ಅಪರಾಧವಲ್ಲವೆಂದು ಕಾನೂನು ಆದುದು 1967ರಲ್ಲಿ. ಅದೂ 21 ವರ್ಷ ದಾಟಿದವರಿಗೆ, ಏಕಾಂತದಲ್ಲಿ ಮಾತ್ರ. ಹೀಗಿರುವಲ್ಲಿ ಹೆಸರಾಂತ ಗಾಯಕನೊಬ್ಬನು ಅಚ್ಚಿನಲ್ಲಿ ಈ ಮಾತನ್ನಾಡುವುದು ಸಾಮಾನ್ಯ ಸಾಹಸವಲ್ಲ. ಅವನು ಅದನ್ನು ಹೇಳಿದ ರೀತಿಯಲ್ಲಿ ಒಳಗೊಳಗೇ ವಿನೋದವಿದ್ದಿತೆಂಬುದನ್ನೂ ವಾಟ್ಸ್ ಅವರು ಮರೆಮಾಡದೆ ಬರೆದರು. ಅದೇ ಜೂನಿನಲ್ಲಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಲ್ಪಿತ ಗಾಯಕನ ಪಾತ್ರವನ್ನು ತಾಳಿ ಬೋವಿಯು ಪ್ರಸಿದ್ಧನಾದನು. 1976ರಲ್ಲಿ ತಾನು ಉಭಯಾನುರಾಗಿಯೆಂದನು. 1983ರಲ್ಲಿ, ಹಾಗೆ ಹೇಳಿದುದೇ ತಪ್ಪಾಯಿತೆಂದನು.

ಹಾಗಾದರೆ 1972ರ ಆ ಮಾತು ಸತ್ಯವೋ, ಆಹಾರ್ಯವೋ? 1973ರ ಜುಲೈ 3ರಂದು ಲಂಡನ್ನಿನ ರಂಗಮಂದಿರದಲ್ಲಿ, ಇದೇ ತಮ್ಮ ಕೊನೆಯ ಪ್ರದರ್ಶನವೆಂದು ಅವನು ಸಾರಿದಾಗ ಅವನ ಮೇಳದ ಇಬ್ಬರು ವಾದಕರಿಗೇ ಅದು ಮೊದಲು ತಿಳಿದಿರಲಿಲ್ಲ. ಬೋವಿಯೇ ನಿವೃತ್ತನಾದನೆಂದು ಪತ್ರಿಕೆಗಳು ಬರೆದವು. ನಿವೃತ್ತನಾದುದು ಜಿಗ್ಗಿ ಮಾತ್ರ. ಇಂತಹ ವೇಷಧಾರಿಯ ಮಾತನ್ನು ಶಪಥದಂತೆ ಓದುವುದು ತಪ್ಪು. ಆದರೂ ಇದರ ಇನ್ನೊಂದು ಪಕ್ಷವನ್ನು ಮರೆಯಲಾಗದು. ತನ್ನಂತಹವರು ಲೋಕದಲ್ಲಿ ಬೇರೊಬ್ಬರಿಲ್ಲವೆಂದು ಕುಗ್ಗಿದ್ದ ಎಷ್ಟೋ ಮಂದಿ ಎಳೆಯರಿಗೆ ಆ ಗಾಯಕನ ಮಾತೂ ರೂಪವೂ ಧೈರ್ಯವನ್ನು ಕೊಟ್ಟವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹೇಳಿದವನ ಮನಸ್ಸು ಸಂದಿಗ್ಧವಾದರೂ ಕೇಳಿದವರ ಧೈರ್ಯವು ಸಂದಿಗ್ಧವಲ್ಲ. ಚರಿತ್ರಕಾರನು ಇವೆರಡನ್ನೂ ಬೇರೆಬೇರೆಯಾಗಿ ತೂಗತಕ್ಕದ್ದು.

ಪತ್ರಿಕೆಯ ಸಾಕ್ಷ್ಯಕ್ಕೆ ಇಷ್ಟು ಬೆಲೆ ಬರಲು ಬೇರೊಂದು ಕಾರಣವೂ ಉಂಟು. ಬಿ.ಬಿ.ಸಿ.ಯವರು ಆ ಕಾಲದ ದೃಶ್ಯಸುರುಳಿಗಳಲ್ಲಿ ಎಷ್ಟೋ ಭಾಗವನ್ನು ಅಳಿಸಿ, ಅವುಗಳ ಮೇಲೆಯೇ ಬೇರೆ ಕಾರ್ಯಕ್ರಮಗಳನ್ನು ಮುದ್ರಿಸಿಕೊಂಡರು. 1973ರ ಜನವರಿಯಲ್ಲಿ ಬೋವಿಯು ಹಾಡಿದ ‘ದ ಜೀನ್ ಜೀನಿ’ಯೂ ಹಾಗೆಯೇ ಹೋಯಿತು. ಛಾಯಾಗ್ರಾಹಕರಾಗಿದ್ದ ಜಾನ್ ಹೆನ್‌ಶಾಲ್ ಎಂಬವರು ತಮ್ಮ ಬಳಿ ಇಟ್ಟುಕೊಂಡಿದ್ದ ಪ್ರತಿಯಿಂದ 2011ರಲ್ಲಿ ಅದು ಮರಳಿ ದೊರೆಯಿತು. ಪ್ರತ್ಯಕ್ಷವು ಅಳಿಸಿಹೋಯಿತು, ಶಬ್ದವು ಉಳಿಯಿತು. ಆ ಶಬ್ದವೂ ಪೂರ್ಣವಲ್ಲ. ವುಲ್ವರ್‌ಹ್ಯಾಂಪ್ಟನ್ ಕಡೆಯ ಸ್ಲೇಡ್ ಮೇಳದ ಆರು ಹಾಡುಗಳು 1971ರಿಂದ 1973ರೊಳಗೆ ಪ್ರಥಮಸ್ಥಾನವನ್ನು ಪಡೆದವು. ಗಂಭೀರ ವಿಮರ್ಶಕರು ಬೋವಿ, ಫೆರಿಯವರಿಗೆ ಕೊಟ್ಟ ಲಕ್ಷ್ಯವನ್ನು ಅವರಿಗೆ ಕೊಡಲಿಲ್ಲ. ಈ ಹಾಡುಗಳನ್ನು ಕೊಂಡು, ಗಾಯಕರ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡ ಹದಿಮೂರು ಹದಿನಾಲ್ಕು ವರ್ಷದ ಬಾಲಿಕೆಯರಾದರೋ ವರದಿಗಳಲ್ಲಿ ಕಿರಿಚುವ ಗುಂಪಾಗಿ ಕಾಣುತ್ತಾರೆಯೇ ಹೊರತು, ಅವರು ಆ ಹಾಡಿನಲ್ಲಿ ಏನನ್ನು ಕಂಡರೆಂದು ಕೇಳಿದ ಲೇಖಕರು ವಿರಳ.

ಬೋಲನ್ನನು ತನ್ನ ಕೊನೆಯ ವರ್ಷದಲ್ಲಿ ರೆಕಾರ್ಡ್ ಮಿರರ್ ಎಂಬ ವಾರಪತ್ರಿಕೆಗೆ ತಾನೇ ಅಂಕಣವನ್ನು ಬರೆಯುತ್ತಿದ್ದನು. 1977ರ ಸೆಪ್ಟೆಂಬರ್ 16ರಂದು, ಮೂವತ್ತು ತುಂಬಲು ಎರಡು ವಾರವಿರುವಾಗ, ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಅವನೂ ಬೋವಿಯೂ ಜೊತೆಗೂಡಿದ ದೂರದರ್ಶನ ಕಾರ್ಯಕ್ರಮವು ಪ್ರಸಾರವಾದುದು ಅದೇ ತಿಂಗಳ 28ರಂದು. ಬೋವಿಯು 2016ರಲ್ಲಿ ಕಾಲವಾದನು. ಪತ್ರಿಕೆಗಳೂ ಚಿರಂಜೀವಿಗಳಾಗಲಿಲ್ಲ: ಸೌಂಡ್ಸ್ 1991ರಲ್ಲಿ ನಿಂತಿತು, ಮೆಲೊಡಿ ಮೇಕರ್ 2000ದಲ್ಲಿ ತನ್ನ ಪ್ರತಿಸ್ಪರ್ಧಿಯಲ್ಲಿಯೇ ಲೀನವಾಯಿತು, ಆ ಪ್ರತಿಸ್ಪರ್ಧಿಯ ವಾರದ ಮುದ್ರಣವು 2018ರಲ್ಲಿ ಮುಗಿಯಿತು. ಉಳಿದಿರುವುದು ಹಳದಿಗಟ್ಟಿದ ಸಂಚಿಕೆಗಳು. ಅವನ್ನು ತೆರೆಯುವವರು ಬರೆದವನು ಏನು ಕಂಡನೆಂಬುದರ ಜೊತೆಗೆ, ಯಾರನ್ನು ಕೇಳದೆ ಬಿಟ್ಟನೆಂಬುದನ್ನೂ ವಿಚಾರಿಸಬೇಕೆಂದು ನನ್ನ ಬಿನ್ನಹ.