ಪಕ್ಕೆಲುಬು ತೆಗೆದವರು ಯಾರು?

ಒಂದು ರಾತ್ರಿಯ ಕಾರ್ಯಕ್ರಮದಲ್ಲಿ ನಾನೇ ಓದಿದ್ದೆ: ‘ಸೊಂಟ ಸಣ್ಣಗೆ ಕಾಣಲಿ ಅಂತ ವಿಕ್ಟೋರಿಯಾ ಕಾಲದ ಹೆಂಗಸರು ಪಕ್ಕೆಲುಬನ್ನೇ ತೆಗೆಸಿಕೊಳ್ತಿದ್ರು!’ ಹಿಂದೆ ಢಣ್ ಅಂತ ಮ್ಯೂಸಿಕ್, ಪರದೆ ಮೇಲೆ ಕೆಂಪು ಅಕ್ಷರ. ವಿಷಯ ಕಾರ್ಸೆಟ್. ಅಂದ್ರೆ, ಎದೆಯಿಂದ ಸೊಂಟದವರೆಗೆ ತೊಟ್ಟು ಬೆನ್ನ ಹಿಂದೆ ದಾರದಿಂದ ಬಿಗಿಯುವ ಗಟ್ಟಿ ಒಳಉಡುಪು. ಮನೆಗೆ ಹೋಗುವಾಗ ಒಂದು ಪ್ರಶ್ನೆ ಕೊರೆಯತೊಡಗಿತು. ಪಕ್ಕೆಲುಬು ತೆಗೆದ ಡಾಕ್ಟರ್ ಯಾರು?

ನೋಡಿ, ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಜಗತ್ತಿಗೆ ಗೊತ್ತಾದದ್ದು 1846ರಲ್ಲಿ. ಗಾಯ ಕೊಳೆಯದಂತೆ ತಡೆಯುವ ವಿಧಾನವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಅಂಥ ಕಾಲದಲ್ಲಿ ಅಂದಕ್ಕಾಗಿ ಎದೆಗೂಡು ಕೊಯ್ಸಿಕೊಳ್ಳೋದೇ? ಹಾಗೆ ನಡೆಯಿತು ಅನ್ನೋದಕ್ಕೆ ನಂಬುವಂಥ ಒಂದು ದಾಖಲೆಯೂ ಇಲ್ಲ.

ಮತ್ತೆ ಆ ಹದಿನಾರು ಇಂಚಿನ ಸೊಂಟ? 1860ರ ದಶಕದಲ್ಲಿ ಲಂಡನ್ನಿನ ಒಂದು ಮಹಿಳಾ ಪತ್ರಿಕೆಗೆ ಇಂಥ ಸೊಂಟದ ಬಗ್ಗೆ ಪತ್ರಗಳ ಸುರಿಮಳೆಯೇ ಆಯಿತು. ಅವುಗಳಲ್ಲಿ ಎಷ್ಟೋ ಬರೀ ಕಲ್ಪನೆ ಅನ್ನೋದು ಇತಿಹಾಸಕಾರರ ಅನುಮಾನ. ಲೆಸ್ಟರ್‌ಶೈರ್‌ನಲ್ಲಿ ಸಿಮಿಂಗ್ಟನ್ ಕಂಪನಿಯ ಹಳೇ ಕಾರ್ಸೆಟ್‌ಗಳ ಸಂಗ್ರಹವಿದೆ. ಅಳತೆ ಹಿಡಿದರೆ ಹೆಚ್ಚಿನವು 20ರಿಂದ 26 ಇಂಚು. ಅದೂ ಪೂರ್ತಿ ಬಿಗಿದಾಗ. ತೊಡುವಾಗ ಬೆನ್ನ ಹಿಂದೆ ಒಂದೆರಡು ಇಂಚು ಸಂದು ಬಿಡೋದು ಮಾಮೂಲು. ಅಂದ್ರೆ ಒಳಗಿನ ಸೊಂಟ ಇನ್ನೂ ದಪ್ಪ!

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ನನಗೆ ಇದರಲ್ಲಿ ಕಂಡದ್ದು ಭಾರದ ಲೆಕ್ಕ. ಸೀರೆ ಉಡುವವರನ್ನು ಕೇಳಿ, ಒಂದು ಲಂಗದ ಲಾಡಿಯೇ ಸೊಂಟದಲ್ಲಿ ಬರೆ ಎಳೆಯುತ್ತೆ. ಅಲ್ಲಿ ಒಂದರ ಮೇಲೊಂದು ಲಂಗ, ಅದರ ಮೇಲೆ ಮಾರುಗಟ್ಟಲೆ ಬಟ್ಟೆಯ ಗೌನು. ಆ ಭಾರವನ್ನೆಲ್ಲ ಹರಡಿ ಹೊರುತ್ತಿದ್ದದ್ದು ಈ ಕಾರ್ಸೆಟ್. ಒಳಗಿನ ಕಡ್ಡಿಗೆ ‘ವೇಲ್‌ಬೋನ್’ ಅಂತ ಹೆಸರು, ಆದರೆ ಅದು ಮೂಳೆಯಲ್ಲ. ತಿಮಿಂಗಿಲದ ಬಾಯೊಳಗಿನ ಪಟ್ಟಿ. ನಮ್ಮ ಉಗುರಿನಲ್ಲಿರುವ ವಸ್ತುವೇ ಅದರಲ್ಲೂ ಇದೆ, ಬಾಗುತ್ತೆ. ಶ್ರೀಮಂತರಷ್ಟೇ ಅಲ್ಲ, ನೆಲ ಒರೆಸುವ ಕೆಲಸದವರೂ ಅಗ್ಗದ ಕಾರ್ಸೆಟ್ ತೊಡುತ್ತಿದ್ದರು. ಉಸಿರೇ ಆಡದಿದ್ದರೆ ನೆಲ ಒರೆಸೋದು ಹೇಗೆ?

ಹಾಗಂತ ಎಲ್ಲವೂ ಸುಳ್ಳಲ್ಲ. ಅತಿಯಾಗಿ ಬಿಗಿದರೆ ಉಸಿರು ಮೇಲಕ್ಕೇ ನಿಲ್ಲುತ್ತಿತ್ತು, ಕೆಳಗಿನ ಪಕ್ಕೆಲುಬು ಒಳಕ್ಕೆ ಒತ್ತುತ್ತಿತ್ತು. ಅಮೆರಿಕದ ವೈದ್ಯ ರಾಬರ್ಟ್ ಡಿಕಿನ್ಸನ್ 1887ರಲ್ಲಿ ಈ ಒತ್ತಡವನ್ನೇ ಅಳೆದು ವರದಿ ಬರೆದರು. ಆದರೆ ಅದೇ ಕಾಲದ ಕೆಲವು ವೈದ್ಯರು ಕ್ಷಯಕ್ಕೂ ಕಾರ್ಸೆಟ್ಟನ್ನೇ ದೂರಿದರು. ರೋಗಾಣುವನ್ನು ರಾಬರ್ಟ್ ಕಾಕ್ ತೋರಿಸಿಕೊಟ್ಟದ್ದು 1882ರಲ್ಲಿ. ಅಲ್ಲಿಯವರೆಗೆ ಹೆಂಗಸು ಕೆಮ್ಮಿದರೆ ತಪ್ಪು ಅವಳ ಶೋಕಿಯದ್ದು!

ನನಗೆ ಚುಚ್ಚಿದ್ದು ಇದೇ. ನಾನು ಓದಿದ ಆ ಒಂದು ಸಾಲಿನಲ್ಲಿ ಲಕ್ಷಾಂತರ ಹೆಂಗಸರು ಬುದ್ಧಿಯಿಲ್ಲದ ಗೊಂಬೆಗಳಾಗಿದ್ದರು. 1881ರಲ್ಲಿ ಲಂಡನ್ನಿನಲ್ಲಿ ‘ರ್‍ಯಾಷನಲ್ ಡ್ರೆಸ್ ಸೊಸೈಟಿ’ ಕಟ್ಟಿ, ಬಿಗಿಯುವ ಉಡುಪು ಬೇಡ, ಒಳಉಡುಪಿನ ಒಟ್ಟು ಭಾರ ಏಳು ಪೌಂಡ್ ದಾಟಬಾರದು ಅಂತ ವಾದಿಸಿದವರೂ ಹೆಂಗಸರೇ. ಅವರ ಬಗ್ಗೆ ನಮ್ಮ ಸ್ಕ್ರಿಪ್ಟಿನಲ್ಲಿ ಒಂದಕ್ಷರ ಇರಲಿಲ್ಲ.

ಮರುದಿನ ಅದೇ ಹೊತ್ತಿಗೆ ತಪ್ಪಾಯಿತು ಅಂತ ಹೇಳಿದೆ. ಆಗ ಮ್ಯೂಸಿಕ್ ಇರಲಿಲ್ಲ.